ಹೂಮಳೆಗೆ ಪಂಪು, ಗದ್ದೆಗೆ ಪಾಳು: ಕೊಡಗಿನ ನೀರು ಮತ್ತು ಅನ್ನದ ಲೆಕ್ಕ

ಕೊಡಗಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು, ಸೆಂಟ್ ಲೆಕ್ಕದಲ್ಲೇ ಹೇಳುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು; ಒಂದು ಇಂಚೆಂದರೆ 25.4 ಮಿಲಿಮೀಟರ್. ಮಾರ್ಚ್ ತಿಂಗಳಲ್ಲಿ ಗೋಣಿಕೊಪ್ಪದ ಸಂತೆಯಲ್ಲೋ ಸಿದ್ದಾಪುರದ ಗೊಬ್ಬರದಂಗಡಿಯಲ್ಲೋ ಇಬ್ಬರು ಎದುರಾದರೆ ಮೊದಲು ಬರುವ ಪ್ರಶ್ನೆ, "ನಿಮ್ಮ ಕಡೆ ಎಷ್ಟು ಸೆಂಟ್ ಬಿತ್ತು?" 120 ಸೆಂಟ್ ಎಂದವರ ಮುಂದಿನ ವರ್ಷ ಒಂದು ಥರ, 40 ಸೆಂಟ್ ಎಂದವರದು ಇನ್ನೊಂದು ಥರ. ವರ್ಷಕ್ಕೆ ನೂರಿಂಚಿನ ಆಸುಪಾಸು ಮಳೆ ಕಾಣುವ ನಾಡಿನಲ್ಲಿ ಎಂಬತ್ತು ಸೆಂಟಿನ ವ್ಯತ್ಯಾಸ ಯಾಕೆ ಇಷ್ಟು ಭಾರವಾಗುತ್ತದೆ ಎಂಬುದು ಗೊತ್ತಾದರೆ, ಹವಾಮಾನ ಬದಲಾವಣೆ ಈ ಜಿಲ್ಲೆಗೆ ಏನು ಮಾಡುತ್ತಿದೆ ಎಂಬುದು ಅರ್ಧ ಗೊತ್ತಾದಂತೆ.

ಜಿಲ್ಲೆಯೊಳಗೇ ಮಳೆ ಸಮನಾಗಿಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ ಐದು ಸಾವಿರ ಮಿ.ಮೀ. ದಾಟುವುದು ಹೊಸತಲ್ಲ; ಅಲ್ಲಿಂದ ಮೂಡಣಕ್ಕೆ ಕುಶಾಲನಗರಕ್ಕೆ ಇಳಿಯುವಷ್ಟರಲ್ಲಿ ಅದು ಸಾವಿರದ ಸುತ್ತಮುತ್ತಲಿಗೆ ಬರುತ್ತದೆ. ಹಾಗಾಗಿ "ಜಿಲ್ಲೆಯಲ್ಲಿ ವಾಡಿಕೆಯಷ್ಟು ಮಳೆಯಾಗಿದೆ" ಎಂಬ ಹೇಳಿಕೆಯಿಂದ ರೈತನಿಗೆ ಏನೂ ತಿಳಿಯುವುದಿಲ್ಲ. ಇಲ್ಲಿನ ಬೇಸಾಯ ನಿಂತಿರುವುದು ವರ್ಷದ ಕೆಲವೇ ಗಂಟುಗಳ ಮೇಲೆ. ಫೆಬ್ರುವರಿ–ಮಾರ್ಚಿನಲ್ಲಿ ಕಾಫಿಗೆ ಹೂಮಳೆ, ಅಂದರೆ ಮೊಗ್ಗು ಬಿರಿಸುವ ಮಳೆ. ಮೇ–ಜೂನಿನಲ್ಲಿ ಕರಿಮೆಣಸಿನ ಚಿಗುರಿಗೆ ಮಳೆ. ಜೂನಿನಲ್ಲಿ ಭತ್ತದ ಸಸಿಮಡಿ, ಜುಲೈ–ಆಗಸ್ಟಿನಲ್ಲಿ ನಾಟಿ. ನಾಟಿ ಮುಗಿದು ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ ಹಬ್ಬ. ಕಾಳು ಬಲಿಯುವಾಗ ಬಿಸಿಲು, ಆಮೇಲೆ ಸುಗ್ಗಿಯ ಹಬ್ಬ ಪುತ್ತರಿ. ನವೆಂಬರಿನಿಂದ ಜನವರಿವರೆಗೆ ಒಣ ಹವೆ, ಕಾಫಿ ಕೊಯ್ಲು. ಹಬ್ಬಗಳು ಕೂಡ ಈ ಗಂಟುಗಳ ಮೇಲೇ ಕೂತಿವೆ. ಈಗ ಸಡಿಲವಾಗುತ್ತಿರುವುದು ಈ ಗಂಟುಗಳೇ. ವರ್ಷದ ಮೊತ್ತ ಹೆಚ್ಚೂ ಕಡಿಮೆ ಅಷ್ಟೇ ಬಂದರೂ ಬೆಳೆ ಕೆಡುತ್ತದೆ.

ಕಾರಣದ ವಿಜ್ಞಾನ ಸರಳ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ಆವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಅರಬ್ಬೀ ಸಮುದ್ರವೂ ಕಾದಿದೆ. ಆವಿ ತುಂಬಿಕೊಂಡು ಬಂದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿದಾಗ ಮಳೆ ಬಿರುಸಾಗಿ, ಸ್ವಲ್ಪ ದಿನಗಳಲ್ಲೇ ಸುರಿದು ಮುಗಿಯುತ್ತದೆ. ಅದೇ ಬಿಸಿ ಗಾಳಿ ಬೇಸಿಗೆಯಲ್ಲಿ ಮಣ್ಣಿನಿಂದ, ಎಲೆಯಿಂದ, ಕೆರೆಯಿಂದ ಹೆಚ್ಚು ನೀರು ಹೀರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜಾರಿದ್ದು, 2019ರಲ್ಲಿ ತೋರ ಗ್ರಾಮದ ಕುಸಿತ ಮತ್ತು ಕರಡಿಗೋಡಿನ ಪ್ರವಾಹ, 2020ರಲ್ಲಿ ತಲಕಾವೇರಿಯ ದುರಂತ, ಅದಾಗಿ ಮೂರೇ ವರ್ಷಕ್ಕೆ 2023ರ ಮುಂಗಾರು ಕೈಕೊಟ್ಟದ್ದು, 2025ರಲ್ಲಿ ಮೇ 24ಕ್ಕೇ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು. ಒಂದೊಂದನ್ನೂ ಬಿಡಿಯಾಗಿ ಹವಾಮಾನ ಬದಲಾವಣೆಯ ತಲೆಗೆ ಕಟ್ಟಲಾಗದು. ಆದರೆ ಸಾಲಾಗಿ ಇಟ್ಟು ನೋಡಿದರೆ ಬೇಸಾಯದ ಹಳೆಯ ಪಂಚಾಂಗವನ್ನು ನಂಬಿ ಕೂರುವ ಧೈರ್ಯ ಬರುವುದಿಲ್ಲ.

ಒಂದೂವರೆ ಇಂಚಿನ ಬೆಲೆ

ದಕ್ಷಿಣ ಕೊಡಗಿನ ವಿರಾಜಪೇಟೆ, ಪೊನ್ನಂಪೇಟೆ, ಸಿದ್ದಾಪುರ ಭಾಗದಲ್ಲಿ ರೊಬಸ್ಟಾ ಹೆಚ್ಚು. ಸೋಮವಾರಪೇಟೆ, ಮಡಿಕೇರಿಯ ಎತ್ತರದ ತೋಟಗಳಲ್ಲಿ ಅರೇಬಿಕಾ. ಎರಡಕ್ಕೂ ಹೂಮಳೆ ಬೇಕು, ಆದರೆ ಮಳೆ ತಪ್ಪಿದರೆ ಹೆಚ್ಚು ಪೆಟ್ಟು ತಿನ್ನುವುದು ರೊಬಸ್ಟಾ.

ಅದು ಹೇಗೆಂದರೆ, ರೊಬಸ್ಟಾದ ಮೊಗ್ಗು ಮಳೆಗಾಲ ಮುಗಿದ ಮೇಲೆ ಮೂಡಿ, ಒಣ ಹವೆಯಲ್ಲಿ ಬಲಿತು, ನಿದ್ದೆ ಹೋದಂತೆ ನಿಂತಿರುತ್ತದೆ. ಈ ಒಣಗುವಿಕೆ ಗಿಡಕ್ಕೆ ಬೇಕೇ ಬೇಕು. ಎಲ್ಲ ಮೊಗ್ಗುಗಳೂ ಒಂದೇ ಹದಕ್ಕೆ ಬರುವುದು ಅದರಿಂದಲೇ. ಆಮೇಲೆ ಒಮ್ಮೆಗೇ ಒಂದರಿಂದ ಒಂದೂವರೆ ಇಂಚು ನೀರು ಬಿದ್ದರೆ ಏಳೆಂಟು ದಿನದಲ್ಲಿ ಇಡೀ ತೋಟ ಬೆಳ್ಳಗಾಗುತ್ತದೆ. 40 ಸೆಂಟ್ ಬಿದ್ದರೆ ಮೊಗ್ಗು ಎಚ್ಚರಗೊಳ್ಳುತ್ತದೆ, ಊದಿಕೊಳ್ಳುತ್ತದೆ, ಬಿರಿಯಲು ನೀರು ಸಾಲದೆ ಅಲ್ಲೇ ಕರಟುತ್ತದೆ ಅಥವಾ ಅರೆಬರೆ ಬಿರಿಯುತ್ತದೆ. ಎಚ್ಚರಗೊಂಡ ಮೊಗ್ಗನ್ನು ಮತ್ತೆ ಮಲಗಿಸಲಾಗದು. ಆದ್ದರಿಂದ ಮಳೆಯೇ ಬಾರದಿರುವುದಕ್ಕಿಂತ ಅರ್ಧಂಬರ್ಧ ಬರುವುದೇ ಹೆಚ್ಚು ಅಪಾಯ. 40 ಸೆಂಟ್ ಬಿದ್ದ ರಾತ್ರಿಯೇ ಪಂಪ್ ಹಚ್ಚಿ ಕೊರತೆಯ ಒಂದು ಇಂಚನ್ನು ತುಂಬಿಸಲು ಬೆಳೆಗಾರರು ಓಡುವುದು ಇದಕ್ಕೇ.

ಹೂ ಬಿರಿದ ಮೇಲೂ ಗಂಡಾಂತರ ಮುಗಿದಿಲ್ಲ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ; ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ, ಹೆಜ್ಜೇನು, ತುಡುವೆ ಜೇನು ಈ ಕೆಲಸ ಮಾಡುತ್ತವೆ. ಹೂ ಬಿರಿದ ಬೆಳಿಗ್ಗೆ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ, ಜೇನು ಗೂಡು ಬಿಟ್ಟು ಬರುವುದಿಲ್ಲ. ಹೂವಿನ ಹೊತ್ತಿಗೆ ಕೀಟನಾಶಕ ಹೊಡೆಯಬಾರದು ಎನ್ನುವುದು ಕೂಡ ಇಳುವರಿಯ ಪ್ರಶ್ನೆಯೇ. ಹೂ ಬಿದ್ದು ಎರಡು–ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಕಟ್ಟಿದ ಮಿಡಿಗೆ ಆಸರೆಯಾಗುವ ಇನ್ನೊಂದು ಇಂಚು ಬೇಕು. ಅದು ತಡವಾಗಿ ಬಿಸಿಲು ಏರಿದರೆ ಮಿಡಿ ಕಪ್ಪಾಗಿ ಉದುರುತ್ತದೆ.

ಇದರ ಜತೆಗೆ ಈಗ ಹೊಸದೊಂದು ತೊಡಕು ಸೇರಿಕೊಂಡಿದೆ: ಕೊಯ್ಲಿನ ಕಾಲದ ಮಳೆ. 2021ರ ಜನವರಿಯ ಮೊದಲ ವಾರ ಸುರಿದದ್ದು ಇಂಥ ಮಳೆ. ಅದೇ ವರ್ಷ ನವೆಂಬರಿನಲ್ಲೂ ಬಿಡದೆ ಸುರಿಯಿತು. ಗಿಡದಲ್ಲಿ ಹಣ್ಣು ಇನ್ನೂ ಇದೆ, ಮೊಗ್ಗು ಆಗಲೇ ನೀರು ಕಂಡು ಬಿರಿಯುತ್ತಿದೆ. ಹಣ್ಣು ಕೊಯ್ಯಲು ರೆಂಬೆ ಬಗ್ಗಿಸಿದರೆ ಹೂ ಉದುರುತ್ತದೆ; ಕೊಯ್ಯದೆ ಬಿಟ್ಟರೆ ಹಣ್ಣು ಒಡೆದು ನೆಲಕ್ಕೆ ಬೀಳುತ್ತದೆ. ಬಿದ್ದ ಹಣ್ಣಿನಲ್ಲಿ ಕಾಯಿಕೊರಕ ಮನೆಮಾಡಿ ಮುಂದಿನ ಫಸಲಿಗೆ ಕಾದಿರುತ್ತದೆ, ಆದ್ದರಿಂದ ಹೆಕ್ಕದೆ ವಿಧಿಯಿಲ್ಲ. ಕಣದಲ್ಲಿ ಹರವಿದ ಚೆರಿಯ (ಸಿಪ್ಪೆ ಸಹಿತ ಒಣಗಿಸುವ ಕಾಫಿ ಹಣ್ಣಿನ) ಕಥೆ ಬೇರೆ. ಒಳ್ಳೆಯ ಬಿಸಿಲಿದ್ದರೆ 12ರಿಂದ 15 ದಿನದಲ್ಲಿ ತೇವಾಂಶ ಶೇ 11ರ ಆಸುಪಾಸಿಗೆ ಇಳಿಯಬೇಕಾದದ್ದು, ಮೋಡ ಕವಿದರೆ ರಾಶಿಯೊಳಗೇ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಟಾರ್ಪಾಲು ಹೊದಿಸಿದಾಗ ನೆಲದ ಕಡೆಯಿಂದ ಗಾಳಿ ಆಡಲು ಜಾಗ ಬಿಡದಿದ್ದರೆ ಮಳೆಗೆ ನೆನೆದದ್ದಕ್ಕಿಂತ ಹೆಚ್ಚು ಕೆಡುವುದು ಬೆವರಿನಿಂದ. ಮೋಡವಿರುವಾಗ ರಾಶಿ ಮಾಡದೆ ತೆಳ್ಳಗೆ ಹರವಿ, ಗಂಟೆಗೊಮ್ಮೆ ಕೈಯಾಡಿಸುವುದೇ ಉಳಿದಿರುವ ದಾರಿ.

ಪಂಪಿಗೆ ನೀರು ಎಲ್ಲಿಂದ?

ಹೂಮಳೆ ನಂಬುವಂತಿಲ್ಲ ಎಂದಾದ ಮೇಲೆ ತೋಟಗಳು ಸ್ಪ್ರಿಂಕ್ಲರ್‌ಗೆ ತಿರುಗಿದವು. ಒಬ್ಬ ಬೆಳೆಗಾರನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಆದರೆ ನೀರಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು.

ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1.03 ಲಕ್ಷ ಲೀಟರ್. ಹೂವಿಗೆ ಒಂದೂವರೆ ಇಂಚು, ಬ್ಯಾಕಿಂಗ್‌ಗೆ ಒಂದು ಇಂಚು, ಒಟ್ಟು ಎರಡೂವರೆ ಇಂಚು: ಎಕರೆಗೆ ಎರಡೂವರೆ ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಹತ್ತು ಎಕರೆ ತೋಟಕ್ಕೆ 25 ಲಕ್ಷ ಲೀಟರ್ ದಾಟುತ್ತದೆ. 100 ಅಡಿ ಉದ್ದ, 60 ಅಡಿ ಅಗಲ, 10 ಅಡಿ ಆಳದ ಕೆರೆಯಲ್ಲಿ, ದಂಡೆಗಳು ನೆಟ್ಟಗಿವೆ ಎಂದುಕೊಂಡರೂ, ಹಿಡಿಯುವುದು 17 ಲಕ್ಷ ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ ಒಂದು ತಿಂಗಳಲ್ಲಿ ಈ ಕೆರೆಯಿಂದ 80 ಸಾವಿರ ಲೀಟರಿಗೂ ಹೆಚ್ಚು ಹೋಯಿತು. ಸೆಕೆಂಡಿಗೆ 8 ಲೀಟರ್ ಕೊಡುವ ಪಂಪಿನಲ್ಲಿ ಎಕರೆಗೆ ಒಂದೂವರೆ ಇಂಚು ಹಾಕಲು ಐದೂಕಾಲು ಗಂಟೆಗಿಂತ ಹೆಚ್ಚು ಬೇಕು. ಹತ್ತು ಎಕರೆಗೆ ಪೈಪ್ ಬದಲಿಸುವ ಹೊತ್ತು ಬಿಟ್ಟು 53 ಗಂಟೆ. ಕರೆಂಟು ಸಿಗುವ ಅವಧಿ, ಡೀಸೆಲ್ ಖರ್ಚು, ಜೆಟ್ (ಸ್ಪ್ರಿಂಕ್ಲರಿನ ನೀರು ಚಿಮ್ಮುವ ತಲೆ) ಸ್ಥಳಾಂತರಿಸುವ ಆಳುಗಳ ಕೊರತೆ ಇವನ್ನೆಲ್ಲ ಸೇರಿಸಿದರೆ ವಾರದ ಕೆಲಸ.

ಈ ವಾರದಲ್ಲಿ ಆಗುವ ತಪ್ಪುಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಅವಸರದಲ್ಲಿ ಪ್ರತಿ ಜಾಗದಲ್ಲೂ ಎರಡು ಗಂಟೆ ಕಡಿಮೆ ಓಡಿಸಿ "ಹತ್ತೂ ಎಕರೆ ಆಯಿತು" ಎನ್ನುವುದು ಮೊದಲನೆಯದು. ಹತ್ತು ಎಕರೆಗೆ 70 ಸೆಂಟ್ ಹಾಕುವ ಬದಲು ಅದೇ ನೀರನ್ನು ಐದು ಎಕರೆಗೆ 140 ಸೆಂಟ್ ಹಾಕಿದರೆ ಆ ಐದು ಎಕರೆಯಾದರೂ ಉಳಿಯುತ್ತದೆ. ಎಷ್ಟು ಬಿದ್ದಿದೆ ಎಂಬುದನ್ನು ಗಂಟೆಯ ಮೇಲೆ ಅಂದಾಜು ಮಾಡಬಾರದು. ನೆಟ್ಟನೆಯ ಗೋಡೆಯ ನಾಲ್ಕು ಡಬ್ಬಗಳನ್ನು ಎರಡು ಜೆಟ್‌ಗಳ ನಡುವೆ ಸಮ ಅಂತರದಲ್ಲಿ ಇಟ್ಟು, ನಿಂತ ನೀರನ್ನು ಸ್ಕೇಲಿನಲ್ಲಿ ಅಳೆಯಬೇಕು. ನಾಲ್ಕರಲ್ಲಿ ಅತಿ ಕಡಿಮೆ ಇರುವ ಡಬ್ಬದಲ್ಲೂ ಒಂದು ಇಂಚು ಇರಬೇಕು. ಮಧ್ಯಾಹ್ನದ ಗಾಳಿಯಲ್ಲಿ ನೀರು ಒಂದೇ ಕಡೆಗೆ ವಾಲುವುದರಿಂದ ರಾತ್ರಿ ಓಡಿಸುವುದು ಲೇಸು, ಕಾಡಾನೆ ಬಾರದ ಕಡೆಯಾದರೆ. ಇನ್ನೊಂದು ತಪ್ಪು ಸರದಿಯದು: ಮೊದಲ ಬ್ಲಾಕಿನಲ್ಲಿ ಹೂ ಬಿರಿದ ದಿನವೇ ಪಕ್ಕದ ಬ್ಲಾಕಿನ ಜೆಟ್ ಅದರ ಮೇಲೆ ಹನಿಸಿದರೆ ಎಂಟು ದಿನದ ಹಿಂದೆ ಹಾಕಿದ ನೀರೆಲ್ಲ ವ್ಯರ್ಥ. ಗಾಳಿ ಬೀಸುವ ದಿಕ್ಕು ನೋಡಿಕೊಂಡು ಸರದಿ ಹಾಕಬೇಕು.

ಇಷ್ಟೆಲ್ಲ ಸರಿ ಮಾಡಿದರೂ ಮೂಲ ಪ್ರಶ್ನೆ ಹಾಗೇ ಉಳಿಯುತ್ತದೆ. ಎಲ್ಲ ತೋಟದ ಪಂಪುಗಳೂ ಶುರುವಾಗುವುದು ಒಂದೇ ಹದಿನೈದು ದಿನದಲ್ಲಿ, ಅದೂ ತೋಡು–ಹೊಳೆಗಳು ಅತಿ ಸಣಕಲಾಗಿರುವ ಫೆಬ್ರುವರಿ–ಮಾರ್ಚಿನಲ್ಲಿ. ಮೇಲಿನ ತೋಟದವರು ತೋಡಿಗೆ ಪೈಪ್ ಇಳಿಸಿದರೆ ಕೆಳಗಿನ ಊರಿನ ಕುಡಿಯುವ ನೀರಿಗೆ ಕುತ್ತು. ಕೊಳವೆಬಾವಿ ಇನ್ನೂ ಆಳದ ಸಾಲ. ಹಾಗಾದರೆ ಮಾರ್ಚಿನಲ್ಲಿ ತೋಡಿನಲ್ಲಿ ನೀರು ಇರುವಂತೆ ಮಾಡುತ್ತಿದ್ದದ್ದು ಯಾವುದು? ಉತ್ತರ ತೋಟದ ಕೆಳಗೆ, ಪಾಳು ಬಿದ್ದ ಗದ್ದೆಯಲ್ಲಿದೆ.

ಗದ್ದೆ ಎಂದರೆ ಬರೀ ಭತ್ತವಲ್ಲ

ಕೊಡಗಿನ ನೆಲದ ರಚನೆಯೇ ಮೇಲೆ ಕಾಡು ಅಥವಾ ಬಾಣೆ (ಗದ್ದೆಗೆ ಸೇರಿದ ಮರಗಳ ಜಾಗ), ಇಳಿಜಾರಿನಲ್ಲಿ ತೋಟ, ತಗ್ಗಿನಲ್ಲಿ ಗದ್ದೆ. ಜೂನಿನಿಂದ ಅಕ್ಟೋಬರ್‌ವರೆಗೆ ಬದು ಕಟ್ಟಿದ ಗದ್ದೆಯಲ್ಲಿ ನೀರು ನಿಂತಿರುತ್ತದೆ. ನಾಲ್ಕು ಇಂಚು ನೀರು ನಿಂತ ಒಂದು ಎಕರೆಯಲ್ಲಿ ಯಾವುದೇ ಗಳಿಗೆಯಲ್ಲಿ ನಾಲ್ಕು ಲಕ್ಷ ಲೀಟರ್ ಇದೆ. ದಿನಕ್ಕೆ 5 ಮಿ.ಮೀ. ಇಂಗುತ್ತದೆ ಎಂದುಕೊಂಡರೆ 90 ದಿನಕ್ಕೆ 18 ಲಕ್ಷ ಲೀಟರ್ ನೆಲಕ್ಕಿಳಿಯುತ್ತದೆ. ತಳದಲ್ಲಿ ಗಟ್ಟಿ ಜೇಡಿಯಿದ್ದರೆ ಇದು ಕಡಿಮೆ, ಅಂಚಿನ ಗದ್ದೆಯಾದರೆ ಹೆಚ್ಚು. ಇಂಗಿದ್ದೆಲ್ಲ ನಮ್ಮ ಕೆರೆಗೇ ಬರುವುದಿಲ್ಲ, ನಿಜ. ಆದರೂ ಪ್ರಮಾಣ ನೋಡಿ: ಏಳು ಎಕರೆ ಕಾಫಿಗೆ ಹೂವಿಗೂ ಬ್ಯಾಕಿಂಗ್‌ಗೂ ಸಾಲುವಷ್ಟು ನೀರನ್ನು ಒಂದು ಎಕರೆ ಗದ್ದೆ ಮಳೆಗಾಲದಲ್ಲಿ ನೆಲಕ್ಕೆ ಒಪ್ಪಿಸುತ್ತಿತ್ತು. ಅದೇ ಗದ್ದೆ ಬಿರುಮಳೆಯ ದಿನ ನೀರನ್ನು ತಡೆದು, ಹೊಳೆಗೆ ನಿಧಾನವಾಗಿ ಬಿಡುತ್ತಿತ್ತು. ಬದು ಒಡೆದ ಗದ್ದೆಯಿಂದ ಆ ನೀರು ಒಂದೇ ದಿನದಲ್ಲಿ ಕಾವೇರಿ ಸೇರುತ್ತದೆ.

ಬದು ಒಡೆಯುವುದು ಹೇಗೆ? ಶುಂಠಿಗೆ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಆದ್ದರಿಂದ ಗದ್ದೆಯನ್ನು ಶುಂಠಿಗೆ ಕೊಟ್ಟರೆ ಮೊದಲ ಕೆಲಸವೇ ಬದು ಕಡಿದು ಆಳದ ಕಾಲುವೆ ತೆಗೆಯುವುದು. ಎರಡು ವರ್ಷದ ನಂತರ ಗುತ್ತಿಗೆಯವರು ಹೋಗುತ್ತಾರೆ, ಕಾಲುವೆ ಉಳಿಯುತ್ತದೆ. ಇನ್ನು ಕೆಲವು ಗದ್ದೆಗೆ ಅಡಿಕೆ ಬಂತು, ಕೆಲವಕ್ಕೆ ಮಣ್ಣು ತುಂಬಿ ಸೈಟು ಬಂತು. ಮಣ್ಣು ತುಂಬಿದ್ದು ಮತ್ತೆ ಗದ್ದೆಯಾಗದು; ಶುಂಠಿ ಬೆಳೆದದ್ದು ಮನಸ್ಸು ಮಾಡಿದರೆ ಆದೀತು. ಈ ವ್ಯತ್ಯಾಸವನ್ನು ಮಾಲೀಕರು ತಿಳಿದಿರಬೇಕು. ಗುತ್ತಿಗೆ ಕೊಡುವವರು ಕೊನೆಯ ವರ್ಷ ಬದು ಮತ್ತೆ ಕಟ್ಟಿಸಿಕೊಡುವ ಷರತ್ತನ್ನಾದರೂ ಬರೆಸಿಕೊಂಡರೆ ಗದ್ದೆ ಉಳಿಯುವ ಅವಕಾಶವಿದೆ.

ಗದ್ದೆ ಬಿಟ್ಟವರನ್ನು ದೂರಲಾಗದು. 2025–26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ ₹2,369. ಎಕರೆಗೆ 18 ಕ್ವಿಂಟಲ್ ಬಂದರೆ ₹42,642. ಉಳುಮೆ, ನಾಟಿ, ಕಳೆ, ಕೊಯ್ಲು, ಒಕ್ಕಣೆ ಮುಗಿಯುವಾಗ ಅದರ ಬಹುಪಾಲು ಹೋಗಿರುತ್ತದೆ, ಅದೂ ಆನೆ ಬಾರದಿದ್ದರೆ. 2024ರಲ್ಲಿ ವಿಯೆಟ್ನಾಮಿನ ಬರದಿಂದಾಗಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿದಾಗ ಮನೆಯ ಆಳುಕಾಳು, ಹಣ, ಗಮನ ಎಲ್ಲವೂ ಮೇಲಿನ ತೋಟಕ್ಕೇ ಹೋದದ್ದು ಸಹಜ.

ಆದರೆ ಅನ್ನದ ಲೆಕ್ಕ ಬೇರೆ. 18 ಕ್ವಿಂಟಲ್ ಭತ್ತದಿಂದ ಸುಮಾರು 12 ಕ್ವಿಂಟಲ್ ಅಕ್ಕಿ. ತಲೆಗೆ ತಿಂಗಳಿಗೆ 10 ಕಿಲೊ ಎಂದರೆ ಹತ್ತು ಜನರ ಒಂದು ವರ್ಷದ ಊಟ. ಅಕ್ಕಿ ಒಟ್ಟಿ, ಕಡಂಬಿಟ್ಟು, ನೂಪುಟ್ಟು ಎಂದು ಮೂರು ಹೊತ್ತೂ ಅಕ್ಕಿಯನ್ನೇ ನೆಚ್ಚಿದ ನಾಡು ತನ್ನ ಅಕ್ಕಿಯನ್ನು ಬೇರೆಡೆಯಿಂದ ತರಿಸುತ್ತಿದೆ. ಕಾಫಿ ದುಡ್ಡಿನಿಂದ ಅಕ್ಕಿ ಕೊಳ್ಳಬಹುದಲ್ಲ ಎಂಬ ವಾದ ಒಳ್ಳೆಯ ವರ್ಷಕ್ಕೆ ಸರಿ. 2023ರಲ್ಲಿ ಮುಂಗಾರು ಸೋತಾಗ ಏನಾಯಿತು? ಜುಲೈನಲ್ಲಿ ಕೇಂದ್ರ ಸರ್ಕಾರ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೊ ಅಕ್ಕಿ ಹೊಂದಿಸಲಾಗದೆ ರಾಜ್ಯ ಸರ್ಕಾರ ತಲೆಗೆ ₹170ರಂತೆ ಹಣ ಹಾಕಿತು. 124.80 ಅಡಿಯ ಕೆಆರ್‌ಎಸ್ ತುಂಬಲಿಲ್ಲ. ಕೊಡಗಿನಲ್ಲಿ ಮಳೆ ತಪ್ಪಿದ ವರ್ಷವೇ ಮಂಡ್ಯದ ಗದ್ದೆಗೂ ನೀರಿಲ್ಲ, ಪೇಟೆಯ ಅಕ್ಕಿಯೂ ದುಬಾರಿ, ಕಾಫಿಯ ಹೂವೂ ಅನುಮಾನ. ಮೂರೂ ಒಟ್ಟಿಗೆ ಬರುತ್ತವೆ, ಏಕೆಂದರೆ ಮೂರಕ್ಕೂ ಮೂಲ ಮಳೆಯೇ. ಕೂಲಿಯ ಮೇಲೆ ಬದುಕುವ ತೋಟದ ಲೈನ್ ಮನೆಗಳ ಕಾರ್ಮಿಕರಿಗೆ, ಹಾಡಿಗಳ ಆದಿವಾಸಿ ಜನಕ್ಕೆ ಆಗ ಬೀಳುವ ಹೊಡೆತ ತೋಟದ ಮಾಲೀಕನಿಗೆ ಬೀಳುವುದಕ್ಕಿಂತ ಬಹಳ ದೊಡ್ಡದು. ಮೊದಲು ಕಡಿಮೆಯಾಗುವುದು ಅವರ ಕೆಲಸದ ದಿನಗಳು.

ಗದ್ದೆ ಉಳಿಸಿಕೊಳ್ಳುವವರಿಗೆ ಹೊಸ ಮಳೆಗೆ ತಕ್ಕ ಕೆಲವು ಬದಲಾವಣೆ ಬೇಕು. ಜುಲೈನಲ್ಲಿ ಮಳೆ ಹಿಂಜರಿದರೆ ಸಸಿ ಮಡಿಯಲ್ಲೇ ಮುದಿಯಾಗುತ್ತದೆ; 25–30 ದಿನದ ಸಸಿಗೆ ಬರುವಷ್ಟು ತೆಂಡೆ (ಬುಡದ ಕವಲು) 45 ದಿನದ ಸಸಿಗೆ ಬರುವುದಿಲ್ಲ. ಇದಕ್ಕೆ ಒಂದೇ ಸಲ ಮಡಿ ಹಾಕದೆ, ಅರ್ಧ ಬೀಜವನ್ನು ಮೊದಲು, ಉಳಿದರ್ಧವನ್ನು 12–15 ದಿನ ಬಿಟ್ಟು ಹಾಕುವುದು ಉತ್ತಮ. ಮುದಿ ಸಸಿಯನ್ನೇ ನೆಡಬೇಕಾಗಿ ಬಂದರೆ ಗುಣಿಗೆ ಎರಡು–ಮೂರರ ಬದಲು ನಾಲ್ಕೈದು ಸಸಿ ಇಟ್ಟು, ಅಂತರ ಕಿರಿದು ಮಾಡಬೇಕು. ಯಂತ್ರದ ನಾಟಿಗೆ ಟ್ರೇಯಲ್ಲಿ ಬೆಳೆಸುವ ಸಸಿ 15–18 ದಿನಕ್ಕೇ ಸಿದ್ಧ, ಮಳೆ ಬಂದ ಮೇಲೆ ಹಾಕಿದರೂ ಕಾಲ ಮೀರದು. ಯೂರಿಯಾವನ್ನು ಒಂದೇ ಬಾರಿಗೆ ಎರಚಿದರೆ ಎರಡು ನಷ್ಟ: ಬಿರುಮಳೆಗೆ ಅರ್ಧ ಕೊಚ್ಚಿಹೋಗುತ್ತದೆ, ಉಳಿದದ್ದು ಪೈರನ್ನು ಮೆತ್ತಗಾಗಿಸಿ, ಮಂಜು ಕವಿದ ತಣ್ಣನೆಯ ರಾತ್ರಿಗಳಲ್ಲಿ ಬೆಂಕಿ ರೋಗ ಕರೆಯುತ್ತದೆ. ಮೂರು ಕಂತು ಮಾಡಿ, ಮುನ್ಸೂಚನೆ ನೋಡಿ, ಗದ್ದೆಯ ನೀರು ಇಳಿಸಿ ಹಾಕಬೇಕು. ಇಂಟಾನ್, ತುಂಗಾದಂಥ ದೀರ್ಘಾವಧಿ ತಳಿಗಳು ಇಲ್ಲಿನ ಮಳೆ–ಚಳಿಗೆ ಹೊಂದಿದವು. ಆದರೆ ನವೆಂಬರಿನ ಮಳೆ ಮಾಮೂಲಾದರೆ ಬಿದ್ದ ತೆನೆಯಲ್ಲಿ ಮೊಳಕೆ ಬರುವ ಅಪಾಯವಿರುವುದರಿಂದ, ಎಲ್ಲ ಗದ್ದೆಗೂ ಒಂದೇ ತಳಿ ಹಾಕದೆ ಬೇಗ ಬರುವುದೊಂದನ್ನು ಸೇರಿಸಿಕೊಳ್ಳುವುದು ಜಾಣತನ.

ಮೆಣಸಿನ ಬಳ್ಳಿ ಮತ್ತು ಬೇಗ ಬಂದ ಮುಂಗಾರು

ಕಾಫಿ ಸೋತ ವರ್ಷ ಮನೆ ನಡೆಸುವುದು ಕರಿಮೆಣಸು. ಮೇ–ಜೂನಿನಲ್ಲಿ 20 ದಿನದೊಳಗೆ ಸುಮಾರು 70 ಮಿ.ಮೀ. ಮಳೆಯಾದರೆ ಬಳ್ಳಿ ಚಿಗುರಿ ಕರೆ (ಹೂಗೊಂಚಲು) ಬಿಡಲು ಶುರುಮಾಡುತ್ತದೆ. ಒಮ್ಮೆ ಶುರುವಾದ ಮೇಲೆ ಮಳೆ ಆಗಾಗ ಬರುತ್ತಲೇ ಇರಬೇಕು. ನಡುವೆ ಕೆಲವು ದಿನ ಒಣಗಿದರೂ ಕರೆ ಉದುರಿ ಇಳುವರಿ ಕುಸಿಯುತ್ತದೆ. ಬಿಡದೆ ಸುರಿದರೆ ಸೊರಗು ರೋಗ. ಇದನ್ನು ತರುವ ಫೈಟಾಪ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಬೀಜಕಗಳು ಮಣ್ಣಿನ ನೀರಿನಲ್ಲಿ ಈಜಿ ಬೇರು ಸೇರುತ್ತವೆ. ಮಳೆಹನಿ ಸಿಡಿದಾಗ ಬುಡದ ಎಲೆಗೆ ಹಾರುತ್ತವೆ. ಬುಡ ಕೊಳೆತ ಬಳ್ಳಿ ಮೂರ್ನಾಲ್ಕು ವಾರದಲ್ಲಿ ಬೋಳಾಗುತ್ತದೆ. ಆಗ ಔಷಧಿ ಹೊಡೆಯುವುದು ದುಡ್ಡು ಸುರಿದಂತೆ. ತಡೆಯುವುದೊಂದೇ ಉಪಾಯ.

ಮುಂಗಾರಿನ ಮೊದಲ ಕೆಲವು ಮಳೆ ಬಿದ್ದ ಕೂಡಲೇ ಎಲೆಗೆ ಶೇ 1ರ ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ), ಬುಡಕ್ಕೆ ಶೇ 0.2ರ ಕಾಪರ್ ಆಕ್ಸಿಕ್ಲೋರೈಡ್ (ಲೀಟರಿಗೆ 2 ಗ್ರಾಂ) ಬಳ್ಳಿಗೆ 5ರಿಂದ 10 ಲೀಟರ್, ಬುಡದ ಸುತ್ತ ಒಂದೂವರೆ ಅಡಿವರೆಗೆ. ಆಗಸ್ಟ್–ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ, ಹಿಂಗಾರು ಎಳೆದರೆ ಅಕ್ಟೋಬರಿನಲ್ಲಿ ಬುಡಕ್ಕೆ ಮೂರನೆಯ ಸಲ. ಇದು ಹಳೆಯ ಶಿಫಾರಸು, ಈಗಲೂ ಸರಿ. ತೊಂದರೆ ಎದ್ದಿರುವುದು ದಿನಾಂಕದಲ್ಲಿ. ಜೂನ್ ಮೊದಲ ವಾರಕ್ಕೆಂದು ಮೈಲುತುತ್ತ ತಂದಿಟ್ಟುಕೊಂಡವರಿಗೆ 2025ರಂಥ ವರ್ಷದಲ್ಲಿ ಮೇ ಕೊನೆಗೇ ಜಡಿಮಳೆ ಹಿಡಿದು ಎಲೆ ಒಣಗುವ ಒಂದು ಮಧ್ಯಾಹ್ನವೂ ಸಿಗುವುದಿಲ್ಲ. ಆದ್ದರಿಂದ ಸಾಮಾನು, ಆಳು, ಪಂಪು ಎಲ್ಲವನ್ನೂ ಮೇ 15ರೊಳಗೆ ಅಣಿಮಾಡಿ, ಬಿಡುವು ಸಿಕ್ಕ ಮೊದಲ ದಿನವೇ ಹೊಡೆಯಬೇಕು. ಕ್ಯಾಲೆಂಡರ್ ನೋಡಿಕೊಂಡು ಕೂರುವ ಕಾಲ ಹೋಯಿತು.

ಬೋರ್ಡೋ ತಯಾರಿಸುವಾಗಲೂ ಕೆಡುವುದು ಸಣ್ಣ ವಿಷಯದಲ್ಲೇ. 50 ಲೀಟರ್ ನೀರಿನಲ್ಲಿ 1 ಕಿಲೊ ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ 1 ಕಿಲೊ ಒಳ್ಳೆಯ ಸುಟ್ಟ ಸುಣ್ಣ. ಡ್ರಮ್ ಪ್ಲಾಸ್ಟಿಕ್ಕಿನದೇ ಇರಲಿ, ಕಬ್ಬಿಣವನ್ನು ಮೈಲುತುತ್ತ ತಿಂದುಹಾಕುತ್ತದೆ. ಸುಣ್ಣದ ನೀರು ತಣ್ಣಗಾದ ಮೇಲೆ ಸೋಸಿ, ಮೈಲುತುತ್ತದ ದ್ರಾವಣವನ್ನು ಅದಕ್ಕೆ ಸುರಿಯುತ್ತ ಕಲಕಬೇಕು. ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಕಂಡರೆ ಹುಳಿ ಉಳಿದಿದೆ, ಎಲೆ ಸುಡುತ್ತದೆ. ಕೆಂಪು ಕಾಣದಾಗುವವರೆಗೆ ಸುಣ್ಣದ ತಿಳಿ ಸೇರಿಸಬೇಕು. ಮಾಡಿದ ದಿನವೇ ಖರ್ಚಾಗಬೇಕು; ರಾತ್ರಿ ಉಳಿದದ್ದರಲ್ಲಿ ಕಣಗಳು ದಪ್ಪವಾಗಿ ಎಲೆಗೆ ಅಂಟುವುದಿಲ್ಲ. ಹಳೆಯ, ಗಾಳಿಯಾಡಿದ ಸುಣ್ಣದಿಂದಲೇ ಅರ್ಧಕ್ಕರ್ಧ ಬೋರ್ಡೋ ಹಾಳಾಗುವುದು. ಟ್ರೈಕೊಡರ್ಮ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಹಾಕುವವರು ತಾಮ್ರದ ಔಷಧಿಗೂ ಅದಕ್ಕೂ ಕನಿಷ್ಠ 15 ದಿನ ಅಂತರ ಇಡದಿದ್ದರೆ ತಾಮ್ರವೇ ಅದನ್ನು ಕೊಲ್ಲುತ್ತದೆ. ಇವೆಲ್ಲದರ ಮೊದಲು ಬುಡದಲ್ಲಿ ನೀರು ನಿಲ್ಲದಂತೆ ಕಪ್ಪು (ಸಣ್ಣ ಕಾಲುವೆ) ತೆಗೆಯುವುದು, ನೆಲದ ಮೇಲೆ ಹರಿದ ಹಬ್ಬುಬಳ್ಳಿ ಕತ್ತರಿಸುವುದು. ಇದಕ್ಕೆ ಔಷಧಿಯ ಖರ್ಚಿಲ್ಲ.

ಕಾಫಿಯ ಕೊಳೆ ರೋಗಕ್ಕೂ ಇದೇ ಶೇ 1ರ ಬೋರ್ಡೋ. ಗಿಡದ ನಡುಭಾಗ ಬಿಡಿಸಿ ಗಾಳಿಯಾಡುವಂತೆ ಮಾಡದೆ, ಮರಗಸಿ ಮಾಡದೆ, ಅಂದರೆ ನೆರಳಿನ ಮರದ ರೆಂಬೆ ಸವರದೆ, ಬರೀ ಔಷಧಿ ನೆಚ್ಚಿದರೆ ಪ್ರಯೋಜನವಿಲ್ಲ. ಮರಗಸಿಯನ್ನು ಅತಿ ಮಾಡಿದರೂ ಕೇಡೇ: ಅರೇಬಿಕಾ ತೋಟದಲ್ಲಿ ನೆರಳು ತೆಳುವಾದರೆ ಬಿಸಿಲಿಗೆ ಕಾದ ಕಾಂಡದಲ್ಲಿ ಬಿಳಿ ಕಾಂಡಕೊರಕ ಮೊಟ್ಟೆಯಿಡುತ್ತದೆ. ಉಷ್ಣಾಂಶ ಏರುತ್ತಿರುವಾಗ ಅತ್ತಿ, ನೇರಳೆ, ಹಲಸು, ಬಳಂಜಿಗಳನ್ನು ಕಡಿದು ಸಾಲು ಸಿಲ್ವರ್ ಓಕ್ ನೆಡುವುದು ತೋಟದ ಛತ್ರಿಯನ್ನೇ ಮಾರಿದಂತೆ. ಸಿಲ್ವರ್ ಮೆಣಸಿಗೆ ಒಳ್ಳೆಯ ಆಸರೆ, ಒಪ್ಪಿಕೊಳ್ಳೋಣ. ನೆರಳಿನ ವಿಷಯದಲ್ಲಿ ಅದು ಕಾಡುಮರಕ್ಕೆ ಸಮನಲ್ಲ.

ನೀರು ಇಂಗಿಸಬಾರದ ಜಾಗವೂ ಇದೆ

ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಯಿರಿ, ನೀರಿಂಗಿಸಿ ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ಕುಶಾಲನಗರ, ಸಿದ್ದಾಪುರ ಕಡೆಯ ಸೌಮ್ಯ ಇಳಿಜಾರಿನಲ್ಲಿ ಅದು ಚಿನ್ನದಂಥ ಸಲಹೆ: ಇಳಿಜಾರಿಗೆ ಅಡ್ಡವಾಗಿ, ಒಂದು ಬಿಟ್ಟು ಒಂದು ಸಾಲಿನಲ್ಲಿ, ಒಂದೂವರೆ ಅಡಿ ಅಗಲ, ಒಂದಡಿ ಆಳದ ಗುಂಡಿ. ಆದರೆ ಮಕ್ಕಂದೂರು, ಮುಕ್ಕೋಡ್ಲು, ಕಾಲೂರಿನಂಥ ಕಡಿದಾದ ಬೆಟ್ಟದಲ್ಲಿ ಇದೇ ಸಲಹೆ ಅಪಾಯ. ಅಲ್ಲಿ ಗಟ್ಟಿ ಬಂಡೆಯ ಮೇಲೆ ಶಿಥಿಲಗೊಂಡ ಮಣ್ಣಿನ ದಪ್ಪ ಪದರವಿದೆ. ವಾರಗಟ್ಟಲೆ ಮಳೆಗೆ ಅದು ನೀರು ಕುಡಿದು ಭಾರವಾದಾಗ, ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಏರಿ ಹಿಡಿತ ಬಿಡುತ್ತದೆ. ರಸ್ತೆಗೋ ಕಟ್ಟಡಕ್ಕೋ ಬುಡವನ್ನು ನೆಟ್ಟಗೆ ಕಡಿದಿದ್ದರೆ ಜಾರಲು ದಾರಿ ಸಿದ್ಧ. ಇಂಥಲ್ಲಿ ನೀರನ್ನು ನಿಲ್ಲಿಸದೆ, ಕಲ್ಲು ಹಾಸಿದ ಚರಂಡಿಯಲ್ಲಿ ಮೆಲ್ಲನೆ ತೋಡಿಗೆ ಇಳಿಸಬೇಕು. ಬೆಟ್ಟದ ನೆತ್ತಿಯಲ್ಲಿ ಕೆರೆ ತೋಡುವುದಂತೂ ಬೇಡವೇ ಬೇಡ. ನೆಲದಲ್ಲಿ ಅರ್ಧಚಂದ್ರಾಕಾರದ ಬಿರುಕು, ವಾಲಿದ ಮರ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ಹೊಸ ಜಾಗದಲ್ಲಿ ನೀರು ಉಕ್ಕುವುದು: ಮಳೆಗಾಲದಲ್ಲಿ ಇವನ್ನು ಕಂಡವರು ಮನೆ ಬಿಟ್ಟು ಮೊದಲು ಹೊರಡಬೇಕು, ಆಮೇಲೆ ತಾಲ್ಲೂಕು ಕಚೇರಿಗೆ ತಿಳಿಸಬೇಕು.

ಪರಿಹಾರದ ಅಳತೆಗೋಲು

ವಿಪತ್ತು ಪರಿಹಾರ ನಿಧಿಯ 2022–26ರ ನಿಯಮದಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ ₹22,500, ಮಳೆಯಾಶ್ರಿತ ಭತ್ತಕ್ಕೆ ₹8,500, ಎರಡು ಹೆಕ್ಟೇರ್‌ವರೆಗೆ ಮಾತ್ರ. ಕಾಫಿಗೆ ಎಕರೆ ಲೆಕ್ಕದಲ್ಲಿ ₹9,100. ಕೊಚ್ಚಿಹೋದ ರೊಬಸ್ಟಾ ಗಿಡದ ಜಾಗದಲ್ಲಿ ಹೊಸ ಗಿಡ ನೆಟ್ಟರೆ ಫಸಲು ಕಾಣಲು ನಾಲ್ಕೈದು ವರ್ಷ ಬೇಕು. ಒಂದು ವರ್ಷದ ಬೆಳೆಯ ಅಳತೆಗೋಲಿನಿಂದ ಅದನ್ನು ಅಳೆಯುವುದು ಅನ್ಯಾಯ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತನ ಪಾಲು ವಿಮಾ ಮೊತ್ತದ ಶೇ 5, ಪರಿಹಾರ ನಿರ್ಧಾರವಾಗುವುದು ಮಳೆಮಾಪಕದ ಅಂಕಿಯ ಮೇಲೆ. ಒಂದು ಬೆಟ್ಟ ದಾಟಿದರೆ ಮಳೆ ಅರ್ಧವಾಗುವ ಜಿಲ್ಲೆಯಲ್ಲಿ ಮಾಪಕ ಎಲ್ಲಿದೆ, ಮಳೆಗಾಲದಲ್ಲಿ ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನು ಗ್ರಾಮ ಪಂಚಾಯಿತಿಗಳು ಮೇ ತಿಂಗಳಲ್ಲೇ ಪರೀಕ್ಷಿಸಬೇಕು. ಬೆಳೆಗಾರರು ಸಹ ತಮ್ಮ ಮಳೆ ಪುಸ್ತಕದಲ್ಲಿ ಇಂಚು–ಸೆಂಟಿನ ಜತೆಗೆ ಮಳೆ ಶುರುವಾದ ಮತ್ತು ನಿಂತ ಹೊತ್ತನ್ನೂ ಬರೆದಿಟ್ಟರೆ, ಎಷ್ಟು ಗಂಟೆಯಲ್ಲಿ ಎಷ್ಟು ಸುರಿಯಿತು ಎಂಬ, ಈಗ ಎಲ್ಲರಿಗೂ ಬೇಕಾಗಿರುವ ಮಾಹಿತಿ ಊರೂರಲ್ಲೂ ಸಿಗುತ್ತದೆ.

ಗದ್ದೆಯ ವಿಷಯದಲ್ಲಿ ಪಕ್ಕದ ಕೇರಳ ಒಂದು ಹೆಜ್ಜೆ ಮುಂದಿದೆ. ಅಲ್ಲಿ 2008ರಲ್ಲೇ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣೆಗೆ ಕಾಯ್ದೆ ಬಂತು; 2020ರಿಂದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಮಾಲೀಕರಿಗೆ ಹೆಕ್ಟೇರಿಗೆ ವರ್ಷಕ್ಕೆ ₹2,000 ರಾಯಧನ ಶುರುವಾಗಿ, ಆಮೇಲೆ ₹3,000 ಆಯಿತು. ಮೊತ್ತ ಸಣ್ಣದು, ತತ್ವ ದೊಡ್ಡದು: ಗದ್ದೆ ಹಿಡಿಯುವ ನೀರಿಗೆ ಬೆಲೆಯಿದೆ ಎಂದು ಸರ್ಕಾರ ಒಪ್ಪಿಕೊಂಡಂತಾಯಿತು. ಕೊಡಗಿನ ಗದ್ದೆ ಹಿಡಿಯುವ ನೀರು ಮೈಸೂರು, ಮಂಡ್ಯ, ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ನೀರಿನ ಬಿಲ್ಲಿನಲ್ಲಿ ಒಂದು ಸಣ್ಣ ಪಾಲನ್ನು ಇಲ್ಲಿನ ಗದ್ದೆಗೆಂದು ಎತ್ತಿಟ್ಟು, ಬದು ಕಟ್ಟಿ ನಾಟಿ ಮಾಡಿದ ಪ್ರತಿ ಎಕರೆಗೆ ಪ್ರತಿ ವರ್ಷ ಕೈಲ್ ಪೊಳ್ದ್ ಹೊತ್ತಿಗೆ ಗದ್ದೆ ನೋಡಿ ಹಣ ಕೊಡುವ ವ್ಯವಸ್ಥೆ ಕಷ್ಟದ್ದೇನಲ್ಲ. ಮೊತ್ತ ನಾಟಿಯ ಕೂಲಿಗಾದರೂ ಸಾಕಾಗುವಷ್ಟು ಇರಬೇಕು. ಜತೆಗೆ, ಪಾಳು ಗದ್ದೆಯ ಬದು ಮತ್ತೆ ಕಟ್ಟುವ ಕೆಲಸವನ್ನು ಉದ್ಯೋಗ ಖಾತರಿಯಂಥ ಯೋಜನೆಯಡಿ, ಬಿರುಮಳೆ ಶುರುವಾಗುವ ಮುನ್ನ, ಏಪ್ರಿಲ್–ಮೇ ತಿಂಗಳಲ್ಲಿ ಮುಗಿಸಬೇಕು. ಆಗಸ್ಟಿನಲ್ಲಿ ಮಂಜೂರಾದ ಬದುವಿನಿಂದ ಆ ವರ್ಷದ ನೀರೂ ಸಿಗದು, ನಾಟಿಯೂ ಆಗದು.